ಇವತ್ತು ಸಂಜೆ ಗುಡುಗುಮಳೆ ಬರುತ್ತಾ? ಬೆಂಗಳೂರಿನ ಬೇಸಿಗೆ ಆಕಾಶ ಓದೋದು ಹೀಗೆ

ಮಾರ್ಚ್ ಮುಗಿಯುತ್ತಾ ಬಂತೆಂದರೆ ಬೆಂಗಳೂರಿನ ಫೋನುಗಳಲ್ಲೆಲ್ಲ ಒಂದೇ ಚಿತ್ರ. ಒಂದು ಮೋಡ, ಅದರ ಕೆಳಗೊಂದು ಹಳದಿ ಮಿಂಚು, ಪಕ್ಕದಲ್ಲಿ ‘40%’. ಮಳೆ ಬಂದ ದಿನವೂ ಅದೇ ಇರುತ್ತೆ, ಬರದ ದಿನವೂ ಅದೇ ಇರುತ್ತೆ. ಆ ಚಿತ್ರ ಸುಳ್ಳು ಹೇಳುತ್ತಿದೆ ಅಂತಲ್ಲ. ನಾವು ಕೇಳುವ ಪ್ರಶ್ನೆ ಒಂದು, ಅದು ಕೊಡುವ ಉತ್ತರ ಇನ್ನೊಂದಕ್ಕೆ. ನಮಗೆ ಬೇಕಿರುವುದು ‘ನಮ್ಮ ಏರಿಯಾದಲ್ಲಿ, ಆಫೀಸು ಬಿಡೋ ಹೊತ್ತಿಗೆ ಬರುತ್ತಾ’ ಅನ್ನೋದು. ಅದು ಹೇಳುತ್ತಿರುವುದು ‘ಈ ಸೀಮೆಯಲ್ಲಿ ಎಲ್ಲೋ ಒಂದು ಕಡೆ, ಇವತ್ತು ಯಾವಾಗಲೋ ಬಂದೀತು’ ಅಂತ.

ಬೇಸಿಗೆಯ ಗುಡುಗುಮಳೆಯನ್ನು ಮೂರು ದಿನ ಮೊದಲೇ ಬೀದಿ ಲೆಕ್ಕದಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ. ಅದೇ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ ಸರಿಯಾದ ಮೂರ್ನಾಲ್ಕು ವಿಷಯ ನೋಡಿದರೆ ಮಾತ್ರ ಸಾಕಷ್ಟು ಹತ್ತಿರ ಹೋಗಬಹುದು. ಆ ಮೂರ್ನಾಲ್ಕು ವಿಷಯ ಯಾವುವು, ಅವು ಎಲ್ಲಿ ಕೈಕೊಡುತ್ತವೆ ಅನ್ನುವುದಷ್ಟೇ ಈ ಬರಹ.

ಮೊದಲು ಲೆಕ್ಕ

ಹವಾಮಾನ ಇಲಾಖೆಯ 1991–2020ರ ಸರಾಸರಿಯಲ್ಲಿ ಬೆಂಗಳೂರು ನಗರಕ್ಕೆ ಮಾರ್ಚ್‌ನಲ್ಲಿ 14.7 ಮಿ.ಮೀ., ಏಪ್ರಿಲ್‌ನಲ್ಲಿ 61.7, ಮೇನಲ್ಲಿ 128.7 ಮಿ.ಮೀ. ಮಳೆ. ಜೂನ್‌ನ ಸರಾಸರಿ 110.3. ಅಂದರೆ ಮುಂಗಾರು ಕಾಲಿಡುವ ತಿಂಗಳಿಗಿಂತ ಅದಕ್ಕೆ ಮುಂಚಿನ ತಿಂಗಳಲ್ಲೇ ನಮಗೆ ಮಳೆ ಜಾಸ್ತಿ. ಹೊರಗಿನವರಿಗೆ ಇದು ವಿಚಿತ್ರ ಅನಿಸುತ್ತೆ. ಪಶ್ಚಿಮ ಘಟ್ಟ ಮುಂಗಾರಿನ ನೀರನ್ನು ಆ ಕಡೆಯೇ ಇಳಿಸಿಕೊಂಡುಬಿಡುತ್ತದೆ, ನಮಗೆ ಸಿಗುವುದು ತಣ್ಣನೆ ಗಾಳಿ ಮತ್ತು ಸೋನೆ. ಮೇ ತಿಂಗಳ ಮಳೆ ಹಾಗಲ್ಲ, ಇಲ್ಲೇ ಹುಟ್ಟಿ ಇಲ್ಲೇ ಸುರಿಯುವ ಮಳೆ.

ಸರಾಸರಿ ಅನ್ನೋದನ್ನ ಮಾತ್ರ ಜಾಸ್ತಿ ನಂಬಬೇಡಿ. ಏಪ್ರಿಲ್ ಒಂದನ್ನೇ ತಗೊಳ್ಳಿ. 2001ರ ಏಪ್ರಿಲ್‌ನಲ್ಲಿ ನಗರ ವೀಕ್ಷಣಾಲಯದಲ್ಲಿ 323.8 ಮಿ.ಮೀ. ಸುರಿದಿತ್ತು. 2024ರ ಏಪ್ರಿಲ್‌ನಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ, 28ನೇ ತಾರೀಕು ಬಿಸಿಲು 38.5 ಡಿಗ್ರಿಗೆ ಹೋಯಿತು. ಮೇ ತಿಂಗಳು 2023ರಲ್ಲಿ 305.4 ಮಿ.ಮೀ. ಕಂಡು 1957ರ 287.1ರ ದಾಖಲೆ ಮುರಿಯಿತು. 2025ರ ಮೇ ಅದನ್ನೂ ದಾಟಿತು. ಇಂಥ ಊರಿನಲ್ಲಿ ‘ಈ ತಿಂಗಳು ವಾಡಿಕೆ ಮಳೆ’ ಅನ್ನುವ ಮಾತು ಯೋಜನೆ ಹಾಕಿಕೊಳ್ಳಲು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಎರಡು ದೊಡ್ಡ ಮಳೆ ನಿಮ್ಮ ವೀಕ್ಷಣಾಲಯದ ಮೇಲೆ ಬಿದ್ದರೆ ತಿಂಗಳ ಕೋಟಾ ಮುಗೀತು, ಐದು ಕಿಲೋಮೀಟರ್ ಆಚೆ ಬಿದ್ದರೆ ಕೊರತೆ.

ಮಳೆಗೆ ಬೇಕಾದ ಮೂರು

ತೇವ, ಏರಲು ಬಿಡುವ ಗಾಳಿ, ಮತ್ತು ಏರಿಸುವ ಒಂದು ತಳ್ಳು. ಮೂರೂ ಒಂದೇ ಮಧ್ಯಾಹ್ನ ಸೇರಬೇಕು.

ಮೊದಲನೆಯದು ತೇವ. ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಚೆನ್ನೈ ಕಡಲೂ ಮಂಗಳೂರಿನ ಕಡಲೂ ಹೆಚ್ಚುಕಮ್ಮಿ 300 ಕಿ.ಮೀ. ದೂರ. ಬೇಸಿಗೆಯಲ್ಲಿ ಒಳನಾಡು ಕಾದು ಒತ್ತಡ ಕಡಿಮೆಯಾದಾಗ ಎರಡೂ ಕಡೆಯಿಂದ ಗಾಳಿ ಒಳಗೆ ಬರುತ್ತದೆ. ಎಷ್ಟು ತೇವ ಬಂದಿದೆ ಅಂತ ನೋಡಲು ಹೆಚ್ಚಿನವರು ಆ್ಯಪಿನಲ್ಲಿರುವ ಆರ್ದ್ರತೆಯ ಶೇಕಡಾ ನೋಡುತ್ತಾರೆ. ಅದು ತಪ್ಪು ಅಳತೆ. ಬೆಳಗ್ಗೆ ಆರಕ್ಕೆ 80% ಇದ್ದದ್ದು ಮಧ್ಯಾಹ್ನ 30%ಗೆ ಇಳಿಯುತ್ತದೆ, ಆದರೆ ಗಾಳಿಯಲ್ಲಿರುವ ನೀರು ಅಷ್ಟೇ ಇರಬಹುದು. ಬಿಸಿ ಏರಿದ್ದಕ್ಕೆ ಶೇಕಡಾ ಇಳಿಯಿತು, ಅಷ್ಟೇ. ನೋಡಬೇಕಾದದ್ದು ಡ್ಯೂ ಪಾಯಿಂಟ್, ಅಂದರೆ ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಇಬ್ಬನಿ ಕಟ್ಟುತ್ತದೋ ಆ ಉಷ್ಣತೆ. ಬಹುತೇಕ ಹವಾಮಾನ ಆ್ಯಪುಗಳಲ್ಲಿ ಒಳಗೆಲ್ಲೋ ಒಂದು ಸಾಲಿನಲ್ಲಿ ಇದು ಇರುತ್ತದೆ, ಹುಡುಕಿ.

ಡ್ಯೂ ಪಾಯಿಂಟ್ ಯಾಕೆ ಮುಖ್ಯ ಅಂದರೆ, ಮೋಡದ ತಳ ಎಷ್ಟು ಎತ್ತರದಲ್ಲಿ ಕೂರುತ್ತದೆ ಅಂತ ಅದರಿಂದಲೇ ಲೆಕ್ಕ ಹಾಕಬಹುದು. ಉಷ್ಣತೆಯಿಂದ ಡ್ಯೂ ಪಾಯಿಂಟ್ ಕಳೆಯಿರಿ, 125ರಿಂದ ಗುಣಿಸಿ, ಬಂದದ್ದು ನೆಲದಿಂದ ಮೀಟರ್ ಲೆಕ್ಕದಲ್ಲಿ ಮೋಡದ ತಳ. ಮಾರ್ಚ್ ಕೊನೆಯ ಒಂದು ಒಣ ಮಧ್ಯಾಹ್ನ 35 ಡಿಗ್ರಿ, ಡ್ಯೂ ಪಾಯಿಂಟ್ 12 ಅಂದುಕೊಳ್ಳಿ. ವ್ಯತ್ಯಾಸ 23. ಮೋಡದ ತಳ 2,875 ಮೀಟರ್‌ನಲ್ಲಿ. ಅಲ್ಲಿಂದ ಹನಿ ಬಿದ್ದರೂ ಮೂರು ಕಿಲೋಮೀಟರ್ ಒಣ ಗಾಳಿ ದಾಟಿ ಬರುವಷ್ಟರಲ್ಲಿ ಮುಕ್ಕಾಲು ಆವಿ. ಮೋಡದ ಕೆಳಗೆ ಬೂದು ಬಣ್ಣದ ಜಾಲರಿ ನೇತಾಡುತ್ತಿರುತ್ತದೆ, ನೆಲ ಮುಟ್ಟುವುದೇ ಇಲ್ಲ. ನಮ್ಮ ಪಾಲಿಗೆ ಗಾಳಿ, ಧೂಳು, ನಾಲ್ಕು ದಪ್ಪ ಹನಿ, ಕರೆಂಟ್ ಕಟ್. ಈಗ ಮೇ ತಿಂಗಳ ಮಧ್ಯದ ಲೆಕ್ಕ: 33 ಡಿಗ್ರಿ, ಡ್ಯೂ ಪಾಯಿಂಟ್ 20. ವ್ಯತ್ಯಾಸ 13, ಮೋಡದ ತಳ 1,625 ಮೀಟರ್. ಬಿಸಿಲು ಎರಡು ಡಿಗ್ರಿ ಕಡಿಮೆ, ಮಳೆ ಎಷ್ಟೋ ಪಾಲು ಹೆಚ್ಚು. ‘ಇವತ್ತು ಇಷ್ಟು ಉರಿ ಇದೆ, ಸಂಜೆ ಮಳೆ ಗ್ಯಾರಂಟಿ’ ಅನ್ನೋ ಮಾತು ಅರ್ಧ ಸತ್ಯ ಆಗೋದು ಇಲ್ಲೇ. ಉರಿ ಸಾಲದು, ಸೆಕೆ ಬೇಕು. ಮೈ ಚುರುಗುಟ್ಟುವ ಒಣ ಬಿಸಿಲಿಗಿಂತ ಬೆವರು ಆರದ ಮಧ್ಯಾಹ್ನ ಮಳೆಗೆ ಹತ್ತಿರ.

ನನ್ನ ಕೈಲೆಕ್ಕ ಇಷ್ಟು. ಮಧ್ಯಾಹ್ನ ಹನ್ನೆರಡರ ಡ್ಯೂ ಪಾಯಿಂಟ್ 12ಕ್ಕಿಂತ ಕೆಳಗಿದ್ದರೆ ಕೊಡೆ ಮನೆಯಲ್ಲೇ ಇರಲಿ. 14–16 ಇದ್ದರೆ ಗಾಳಿ-ಗುಡುಗು ಹೆಚ್ಚು, ನೀರು ಕಡಿಮೆ. 18 ದಾಟಿದರೆ ಗಂಭೀರವಾಗಿ ತಗೊಳ್ಳಿ. 20 ದಾಟಿದ ದಿನ ಉಳಿದೆರಡು ಅಂಶ ಕೂಡಿಬಂದರೆ ರಸ್ತೆಯಲ್ಲಿ ನೀರು ನಿಲ್ಲುವ ಮಳೆ.

ಎರಡನೆಯದು, ಮೇಲಿನ ಗಾಳಿ ಬಿಡಬೇಕು. ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ ಬೆಚ್ಚನೆಯ ಒಣ ಗಾಳಿಯ ಪದರವೊಂದು ಕೂತಿದ್ದರೆ ಅದು ಪಾತ್ರೆಯ ಮುಚ್ಚಳ ಇದ್ದ ಹಾಗೆ. ಕೆಳಗಿನ ಗಾಳಿ ಏರಿ ಅಲ್ಲಿಗೆ ತಲೆ ತಾಗಿಸಿ ನಿಲ್ಲುತ್ತದೆ. ಮುಚ್ಚಳ ತೀರಾ ಗಟ್ಟಿಯಿದ್ದರೆ ದಿನವಿಡೀ ನೀಲಿ ಆಕಾಶ. ತೀರಾ ತೆಳುವಾಗಿದ್ದರೆ ಹನ್ನೊಂದಕ್ಕೇ ಅಲ್ಲಲ್ಲಿ ಸಣ್ಣ ಮೋಡ ಹುಟ್ಟಿ, ಚೂರುಪಾರು ತುಂತುರಾಗಿ, ಶಕ್ತಿಯೆಲ್ಲ ಸೋರಿ ಹೋಗುತ್ತದೆ. ಅಪಾಯದ ದಿನ ನಡುವಿನದು: ಮೂರು ಗಂಟೆವರೆಗೆ ತಡೆದು, ಆಮೇಲೆ ಒಂದೇ ಸಲ ಬಿಡುವ ಮುಚ್ಚಳ. ಇದನ್ನು ನೋಡಲು ಬೆಳಗ್ಗೆ 5:30ರ ಹೊತ್ತಿನ ಹವಾಮಾನ ಬಲೂನಿನ ಮಾಹಿತಿ ಬೇಕು. ಅದರಲ್ಲಿ ‘ಕೇಪ್’ ಅನ್ನುವುದು ಏರುವ ಗಾಳಿಗೆ ಸಿಗಬಹುದಾದ ಶಕ್ತಿ, ‘ಸಿನ್’ ಅನ್ನುವುದು ಮುಚ್ಚಳದ ಗಟ್ಟಿತನ. ಬೆಳಗಿನ ಹೊತ್ತಿನ ಸಿನ್ ದೊಡ್ಡದಾಗಿ ಕಂಡರೆ ಗಾಬರಿ ಬೇಡ, ರಾತ್ರಿಯಿಡೀ ನೆಲ ತಣಿದಿರುತ್ತದೆ. ಆವತ್ತು ಮಧ್ಯಾಹ್ನ ಮುಟ್ಟಬಹುದಾದ ಗರಿಷ್ಠ ಉಷ್ಣತೆ ಹಾಕಿ ನೋಡಿದಾಗ ಅದು ಸೊನ್ನೆಗೆ ಹತ್ತಿರ ಬರುತ್ತದಾ ಅನ್ನುವುದೇ ಪ್ರಶ್ನೆ. ಕೇಪ್ 2000ದಷ್ಟು ದೊಡ್ಡದಿದ್ದರೂ ಮುಚ್ಚಳ ತೆರೆಯದಿದ್ದರೆ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿರುವ ದುಡ್ಡು.

ಮೂರನೆಯದು ತಳ್ಳು. ಇಲಾಖೆಯ ಬುಲೆಟಿನ್‌ನಲ್ಲಿ ಏಪ್ರಿಲ್–ಮೇ ಪೂರ್ತಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ವಿದರ್ಭ ಅಥವಾ ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣ ತಮಿಳುನಾಡು, ಕೇರಳದ ಕಡೆಗೆ ಹಾದುಹೋಗುವ ಕಡಿಮೆ ಒತ್ತಡದ ತೋಡು, ಅಥವಾ ಗಾಳಿ ದಿಕ್ಕು ಮುರಿಯುವ ಗೆರೆ. ಪೂರ್ವದ ಗಾಳಿಯೂ ಪಶ್ಚಿಮದ ಗಾಳಿಯೂ ಎದುರುಬದುರಾಗುವ ಜಾಗ ಅದು. ಎದುರಾದ ಗಾಳಿಗೆ ಹೋಗಲು ಮೇಲೆ ಬಿಟ್ಟು ಬೇರೆ ದಾರಿ ಇಲ್ಲ. ಈ ಗೆರೆ ಬೆಂಗಳೂರಿನ ಪಶ್ಚಿಮಕ್ಕೆ, ತುಮಕೂರು–ಮಂಡ್ಯದ ಕಡೆ ಇದ್ದರೆ ನಾವು ಬಂಗಾಳ ಕೊಲ್ಲಿಯ ತೇವದ ಬದಿಯಲ್ಲಿರುತ್ತೇವೆ, ಒಳ್ಳೆಯದು. ಗೆರೆ ಪೂರ್ವಕ್ಕೆ ಸರಿದು ಕೋಲಾರದ ಆಚೆ ಹೋದರೆ ನಮ್ಮ ಮೇಲೆ ವಾಯವ್ಯದ ಒಣ ಗಾಳಿ, ಮಳೆ ಆಂಧ್ರದ ಪಾಲು. ಒಂದೇ ವಾರದಲ್ಲಿ ಎರಡು ದಿನ ಭರ್ಜರಿ, ಮೂರು ದಿನ ಬರೀ ಬಿಸಿಲು ಯಾಕೆ ಅನ್ನುವುದಕ್ಕೆ ಎಷ್ಟೋ ಸಲ ಈ ಗೆರೆಯ ಓಡಾಟವೇ ಉತ್ತರ. ಇದರ ಜತೆಗೆ ನಂದಿ ಬೆಟ್ಟ, ಶಿವಗಂಗೆ, ಸಾವನದುರ್ಗದ ಬಂಡೆಗಳು ಸುತ್ತಲಿನ ಬಯಲಿಗಿಂತ ಬೇಗ ಕಾದು ಮೊದಲ ಮೋಡ ಎಬ್ಬಿಸುತ್ತವೆ.

ನಕ್ಷೆ ನೋಡುವವರಿಗೆ ಒಂದು ಎಚ್ಚರಿಕೆ

ಫೋನಿನಲ್ಲಿ ಗಾಳಿಯ ನಕ್ಷೆ ತೆರೆದು ‘925 ಹೆಕ್ಟೋಪಾಸ್ಕಲ್’ ಆರಿಸಿ ಬೆಂಗಳೂರಿನ ಗಾಳಿ ನೋಡುವವರಿದ್ದಾರೆ. ಈ ನಕ್ಷೆಗಳಲ್ಲಿ ಎತ್ತರವನ್ನು ಅಲ್ಲಿನ ಗಾಳಿಯ ಒತ್ತಡದಿಂದ ಗುರುತಿಸುತ್ತಾರೆ, ಅಂಕಿ ಇಳಿದಷ್ಟೂ ಎತ್ತರ ಹೆಚ್ಚು. ಆ ಮಟ್ಟ ಸಮುದ್ರಮಟ್ಟದಿಂದ ಸುಮಾರು 780 ಮೀಟರ್ ಎತ್ತರದ್ದು. ಬೆಂಗಳೂರು ಕೂತಿರುವುದೇ 920 ಮೀಟರ್‌ನಲ್ಲಿ. ಅಂದರೆ ನೀವು ನೋಡುತ್ತಿರುವುದು ಮೆಜೆಸ್ಟಿಕ್‌ನ ನೆಲದೊಳಗಿನ ಗಾಳಿ! ಕಂಪ್ಯೂಟರ್ ಮಾದರಿ ಲೆಕ್ಕ ತುಂಬಿಸಲು ಅಲ್ಲೊಂದು ಅಂಕಿ ಬರೆದಿರುತ್ತದೆ, ಅಷ್ಟೇ. ನಮ್ಮ ಊರಿಗೆ 850 ಮಟ್ಟ ನೋಡಬೇಕು. ಅದು ಸಮುದ್ರಮಟ್ಟದಿಂದ ಒಂದೂವರೆ ಕಿ.ಮೀ., ನಮ್ಮ ತಲೆಯಿಂದ ಆರುನೂರು ಮೀಟರ್ ಮೇಲೆ. ಮೋಡ ಯಾವ ಕಡೆ ಸಾಗುತ್ತದೆ ಅಂತ ತಿಳಿಯಲು 700 ಮತ್ತು 500. ಬೇಸಿಗೆಯಲ್ಲಿ ಈ ಮೇಲಿನ ಗಾಳಿ ಬಹಳ ಸಲ ನಿಧಾನ, ದಿಕ್ಕೂ ದಿನಕ್ಕೊಂದು. ಹೊಸಕೋಟೆ ಕಡೆಯಿಂದ ಬರುವ ದಿನವೂ ಉಂಟು, ಮಾಗಡಿ ಕಡೆಯಿಂದ ಬರುವ ದಿನವೂ ಉಂಟು. ಮೇಲಿನ ಗಾಳಿ ತೀರಾ ನಿಧಾನ ಇರುವ ದಿನ ಮೋಡ ಹುಟ್ಟಿದಲ್ಲೇ ನಿಂತು ಸುರಿಯುತ್ತದೆ. ಒಂದು ಬಡಾವಣೆಯಲ್ಲಿ 80 ಮಿ.ಮೀ., ಪಕ್ಕದ್ದರಲ್ಲಿ ರಸ್ತೆ ಒಣಗಿದ್ದು, ಇಂಥ ದಿನಗಳ ಕಥೆ.

ದಿನದ ವೇಳಾಪಟ್ಟಿ

ಬೆಳಗ್ಗೆ ಏಳು–ಎಂಟರ ಹೊತ್ತಿಗೆ ಒಮ್ಮೆ ತಲೆಯೆತ್ತಿ ನೋಡಿ. ಎತ್ತರದಲ್ಲಿ ಸಾಲಾಗಿ, ಕೋಟೆಯ ಕೊತ್ತಲದಂತೆ ಪುಟ್ಟ ಪುಟ್ಟ ಗೋಪುರ ಎದ್ದ ಮೋಡ ಕಂಡರೆ ಮಧ್ಯದ ಗಾಳಿ ಆಗಲೇ ಸಡಿಲವಾಗಿದೆ ಅಂತರ್ಥ. ಅವು ಹತ್ತರೊಳಗೆ ಕರಗಿ ಹೋಗುತ್ತವೆ, ಆದರೆ ಸುಳಿವು ಕೊಟ್ಟು ಹೋಗುತ್ತವೆ. ಇಡೀ ಆಕಾಶ ಬೂದು ಬಣ್ಣದ ಚಾದರ ಹೊದ್ದಿದ್ದು ಹನ್ನೊಂದಾದರೂ ಬಿಸಿಲು ಬೀಳದಿದ್ದರೆ, ಸಂಜೆಯ ಗುಡುಗಿನ ಸಾಧ್ಯತೆಯನ್ನು ಅರ್ಧ ಇಳಿಸಿ.

ಹನ್ನೊಂದೂವರೆಯಿಂದ ಒಂದರವರೆಗೆ ತಳ ಚಪ್ಪಟೆಯಾದ ಬಿಳಿ ಮೋಡಗಳು ಏಳಬೇಕು. ಒಂದು ಗಂಟೆಗೆ ಅವುಗಳ ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ, ತಲೆ ಹೂಕೋಸಿನ ಹಾಗೆ ಗಡಸಾಗಿ ಕಂಡರೆ ಮುಚ್ಚಳ ಬಿಡುತ್ತಿದೆ. ತಲೆಯ ಅಂಚು ಮಸುಕಾಗಿ, ನಾರುನಾರಾಗಿ ಹರಡತೊಡಗಿದರೆ ಅಲ್ಲಿ ಮಂಜುಗಡ್ಡೆ ಕಟ್ಟಿದೆ, ಇನ್ನು ಸ್ವಲ್ಪ ಹೊತ್ತಿಗೆ ಗುಡುಗು ಕೇಳುತ್ತದೆ.

ಎರಡರಿಂದ ಉಪಗ್ರಹದ ಚಿತ್ರ. ಇನ್ಸಾಟ್-3ಡಿಆರ್ ಮತ್ತು 2024ರಲ್ಲಿ ಹಾರಿದ ಇನ್ಸಾಟ್-3ಡಿಎಸ್ ಚಿತ್ರಗಳು ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಒಂದು ಚಿತ್ರ ನೋಡಿ ಏನೂ ತಿಳಿಯುವುದಿಲ್ಲ, ಅರ್ಧ ಗಂಟೆ ಅಂತರದ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. ಇನ್‌ಫ್ರಾರೆಡ್ ಚಿತ್ರದಲ್ಲಿ ಹೊಸದಾಗಿ ಹುಟ್ಟಿದ ಚುಕ್ಕೆ ಬೇಗ ಬೇಗ ಬೆಳ್ಳಗಾಗುತ್ತಿದ್ದರೆ ಅದರ ನೆತ್ತಿ ಮೇಲೇರಿ ತಣಿಯುತ್ತಿದೆ. ಅದೇ ನಿಮ್ಮ ಮೋಡ. ಎಷ್ಟು ಸರಿದಿದೆ ಅಂತಲೂ ನೋಡಿ. ಅರ್ಧ ಗಂಟೆಗೆ 12 ಕಿ.ಮೀ. ಸರಿದು ನಗರದ ಕಡೆಗೇ ಬರುತ್ತಿದ್ದರೆ, ನಾಲ್ಕಕ್ಕೆ ಹೊಸಕೋಟೆಯಲ್ಲಿದ್ದದ್ದು ಐದರ ಆಸುಪಾಸಿಗೆ ಇಂದಿರಾನಗರ.

ರಾಡಾರ್ ನೋಡುವವರು ಒಂದು ಮಿತಿ ತಿಳಿದಿರಬೇಕು. ಚೆನ್ನೈ ರಾಡಾರ್‌ನಿಂದ ನೆಲಕ್ಕೆ ಅರ್ಧ ಡಿಗ್ರಿಯಷ್ಟೇ ಓರೆಯಾಗಿ ಹೊರಟ ಕಿರಣ 290 ಕಿ.ಮೀ. ದಾಟಿ ಬೆಂಗಳೂರಿಗೆ ಬರುವಷ್ಟರಲ್ಲಿ, ಭೂಮಿಯ ಬಾಗಿನಿಂದಾಗಿ, ಸಮುದ್ರಮಟ್ಟದಿಂದ ಏಳು ಏಳೂವರೆ ಕಿ.ಮೀ. ಎತ್ತರಕ್ಕೆ ಹೋಗಿರುತ್ತದೆ. ಅದಕ್ಕೆ ಮೋಡದ ನೆತ್ತಿ ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ. ಆ ಚಿತ್ರದಲ್ಲಿ ಬೆಂಗಳೂರಿನ ಮೇಲೆ ಏನೂ ಇಲ್ಲ ಅಂದರೆ ಮಳೆ ಇಲ್ಲ ಅಂತ ಅರ್ಥ ಅಲ್ಲ. ಕೆಂಪು ಕಂಡರೆ ಮಾತ್ರ ನಿಜಕ್ಕೂ ದೊಡ್ಡದು. ಇದಕ್ಕಿಂತ ನೆಲದ ಮೇಲಿನ ಮಳೆಮಾಪಕಗಳು ವಾಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇವೆ. ಪೂರ್ವಕ್ಕೋ ದಕ್ಷಿಣಕ್ಕೋ ಇರುವ ಹೋಬಳಿಯಲ್ಲಿ ಎಷ್ಟು ಬಿತ್ತು ಅಂತ ನೋಡಿದರೆ ನಿಮ್ಮ ಕಡೆ ಬರುತ್ತಿರುವುದು ತುಂತುರಾ, ಹೊಯ್ಲಾ ಗೊತ್ತಾಗುತ್ತದೆ. ಮಿಂಚಿಗೆ ‘ದಾಮಿನಿ’ ಆ್ಯಪ್ ಇದೆ.

‘ಕೆಲವು ಕಡೆ’ ಅಂದರೆ ಎಷ್ಟು ಕಡೆ

ಇಲಾಖೆಯ ಮುನ್ಸೂಚನೆಯಲ್ಲಿ ಪ್ರತಿ ಪದಕ್ಕೂ ಅಳತೆ ಇದೆ, ಸುದ್ದಿಯಾಗುವಾಗ ಅದು ಕಳೆದುಹೋಗುತ್ತದೆ. ‘ಒಂದೆರಡು ಕಡೆ’ ಅಂದರೆ ಆ ವಿಭಾಗದ ಮಳೆ ಕೇಂದ್ರಗಳಲ್ಲಿ ಕಾಲು ಪಾಲಿನವರೆಗೆ. ‘ಕೆಲವು ಕಡೆ’ 26ರಿಂದ 50%, ‘ಹಲವು ಕಡೆ’ 51ರಿಂದ 75%, ‘ಬಹುತೇಕ ಕಡೆ’ ಅದಕ್ಕೂ ಮೇಲೆ. ದಕ್ಷಿಣ ಒಳನಾಡಿಗೆ ‘ಒಂದೆರಡು ಕಡೆ’ ಅಂತ ಬರೆದ ದಿನ ನಿಮ್ಮ ಮನೆಗೆ ಮಳೆ ಬಾರದಿದ್ದರೆ ಮುನ್ಸೂಚನೆ ಕೆಟ್ಟಿತು ಅನ್ನಲಾಗದು. ನಾಲ್ಕರಲ್ಲಿ ಮೂರು ಕಡೆ ಒಣಗಿರುತ್ತದೆ ಅಂತಲೇ ಅದು ಹೇಳಿದ್ದು.

ಮಳೆಯ ಪ್ರಮಾಣಕ್ಕೂ ಹಾಗೇ. 24 ಗಂಟೆಯಲ್ಲಿ 15.6ರಿಂದ 64.4 ಮಿ.ಮೀ. ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ. ಈ ಗೆರೆಗಳು ಬೆಂಗಳೂರಿನ ಬೇಸಿಗೆಗೆ ಒಪ್ಪುವುದಿಲ್ಲ ಅನ್ನುವುದು ನನ್ನ ತಕರಾರು. 24 ಗಂಟೆಯಲ್ಲಿ ನಿಧಾನವಾಗಿ ಬಿದ್ದ 60 ಮಿ.ಮೀ. ಮಲೆನಾಡಿನಲ್ಲಿ ಒಂದು ಮಾಮೂಲಿ ದಿನ. ಅದೇ 60 ಮಿ.ಮೀ. ಸಂಜೆ ಐದರಿಂದ ಆರರೊಳಗೆ ಸಿಲ್ಕ್ ಬೋರ್ಡ್ ಮೇಲೆ ಬಿದ್ದರೆ? ಕಾಗದದಲ್ಲಿ ಎರಡೂ ‘ಸಾಧಾರಣ’. ಹಾಗಾಗಿ ಬೇಸಿಗೆಯಲ್ಲಿ ಮಿ.ಮೀ. ವರ್ಗ ಬಿಟ್ಟು ಮೂರು ಗಂಟೆಯ ತುರ್ತು ಮುನ್ಸೂಚನೆಯನ್ನು, ಅದರಲ್ಲಿರುವ ಗಾಳಿಯ ವೇಗವನ್ನು ನೋಡಿ. 30–40 ಕಿ.ಮೀ. ಅಂದರೆ ಬಟ್ಟೆ ಹಾರುತ್ತದೆ. 50–60 ಅಂದರೆ ಕೊಂಬೆ ಮುರಿಯುತ್ತದೆ.

ಇನ್ನೊಂದು ಗೊಂದಲ ತಾರೀಕಿನದು. ಇಲಾಖೆಯ ಮಳೆಯ ದಿನ ಬೆಳಗ್ಗೆ 8:30ರಿಂದ ಮರುದಿನ 8:30ಕ್ಕೆ. 20ನೇ ತಾರೀಕು ಸಂಜೆ ಸುರಿದದ್ದು 21ರ ಬೆಳಗಿನ ಲೆಕ್ಕಕ್ಕೆ ಸೇರುತ್ತದೆ. ಜತೆಗೆ ‘ಬೆಂಗಳೂರಿನ ಮಳೆ’ ಅಂತ ಒಂದಿಲ್ಲ. ನಗರ ವೀಕ್ಷಣಾಲಯ ಒಂದು, ಎಚ್‌ಎಎಲ್ ಇನ್ನೊಂದು, ದೇವನಹಳ್ಳಿಯ ವಿಮಾನ ನಿಲ್ದಾಣ ಮತ್ತೊಂದು. ಮೂರು ಅಂಕಿ ಮೂರು ದಿಕ್ಕಿಗೆ ಇರುವುದೇ ಹೆಚ್ಚು.

ಲೆಕ್ಕ ತಪ್ಪುವುದು ಎಲ್ಲಿ

ಎಲ್ಲ ಕೂಡಿಬಂದಿದ್ದರೂ ಮಳೆ ಬರದ ಸಂಜೆಗಳಿಗೆ ಕಾರಣ ಸಾಮಾನ್ಯವಾಗಿ ಪಕ್ಕದ ಜಿಲ್ಲೆಯಲ್ಲಿರುತ್ತದೆ. ಒಂದೂವರೆಗೆ ಕೋಲಾರದ ಕಡೆ ದೊಡ್ಡ ಮೋಡ ಸುರಿಯಿತು ಅನ್ನಿ. ಮಳೆಯ ಜತೆ ತಣ್ಣನೆ ಗಾಳಿ ಧುಮುಕಿ ನೆಲದ ಮೇಲೆ ಎಲ್ಲ ಕಡೆ ಹರಡುತ್ತದೆ. ಆ ತಂಪು ಗಾಳಿ ಬೆಂಗಳೂರಿಗೆ ಮೂರಕ್ಕೆ, ನಮ್ಮ ಮೋಡ ಏಳುವ ಮೊದಲೇ ತಲುಪಿದರೆ ನೆಲ ತಣಿದು ಆಟ ಮುಗಿಯಿತು. ‘ಎಲ್ಲೋ ಮಳೆ ಆಗಿದೆ, ತಂಪು ಗಾಳಿ ಬೀಸ್ತಿದೆ’ ಅಂತ ಖುಷಿಪಡುತ್ತೇವಲ್ಲ, ಅದು ನಮ್ಮ ಮಳೆಯನ್ನು ಕೊಂದ ಗಾಳಿಯೇ ಆಗಿರಬಹುದು. ಅದೇ ಗಾಳಿ ನಾಲ್ಕೂವರೆಗೆ, ಕಾದು ಸಿದ್ಧವಾದ ನಗರಕ್ಕೆ ನುಗ್ಗಿದರೆ ಬೆಣೆಯ ಹಾಗೆ ಬಿಸಿ ಗಾಳಿಯನ್ನು ಎತ್ತಿ ಹೊಸ ಮೋಡ ಕಟ್ಟುತ್ತದೆ. ಒಂದೂವರೆ ಗಂಟೆಯ ವ್ಯತ್ಯಾಸಕ್ಕೆ ಫಲ ತಿರುಗುಮುರುಗು. ಹವಾಮಾನ ಲೆಕ್ಕ ಹಾಕುವ ಜಾಗತಿಕ ಕಂಪ್ಯೂಟರ್ ಮಾದರಿಗಳು 9 ಕಿ.ಮೀ., 12 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುತ್ತವೆ. 2025ರ ಮೇನಲ್ಲಿ ಶುರುವಾದ ನಮ್ಮ ದೇಶದ ಭಾರತ್ ಫೋರ್ಕಾಸ್ಟ್ ಸಿಸ್ಟಂನದು 6 ಕಿ.ಮೀ. ಚೌಕ. ಈ ತಂಪು ಗಾಳಿಯ ಅಂಚು ಅದಕ್ಕೂ ಸಣ್ಣದು. ಮಾದರಿಗಳು ಎಲ್ಲ ಕಡೆ ಸಣ್ಣ ತುಂತುರು, ಅದೂ ವಾಸ್ತವಕ್ಕಿಂತ ಬೇಗ, ಮಧ್ಯಾಹ್ನಕ್ಕೇ ತೋರಿಸುವ ಚಾಳಿ ಅದಕ್ಕೇ. ನಕ್ಷೆಯಲ್ಲಿ ಹಸಿರು ಚುಕ್ಕೆ ನಿಮ್ಮ ಬೀದಿ ಮೇಲಿದೆಯಾ ಅಂತ ಹಿಗ್ಗಿಸಿ ನೋಡುವುದು ವ್ಯರ್ಥ. ನಾಲ್ಕೈದು ಜಿಲ್ಲೆಗಳಷ್ಟು ಜಾಗದಲ್ಲಿ ಚುಕ್ಕೆಗಳು ನಿನ್ನೆಗಿಂತ ಹೆಚ್ಚಿವೆಯಾ ನೋಡಿ, ಸಾಕು.

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಉತ್ತರಕ್ಕೆ ಹೊರಟಾಗಲೂ ಹೀಗೇ. ಟಿ.ವಿ.ಯಲ್ಲಿ ಸುಳಿ ತಿರುಗುತ್ತಿರುತ್ತದೆ, ಇಲ್ಲಿ ಗಾಳಿ ಪಶ್ಚಿಮಕ್ಕೋ ವಾಯವ್ಯಕ್ಕೋ ತಿರುಗಿ ಕೊಲ್ಲಿಯ ತೇವ ನಮ್ಮತ್ತ ಬರುವುದು ನಿಲ್ಲುತ್ತದೆ.

ಆಲಿಕಲ್ಲಿನ ಬಗ್ಗೆ ಒಂದು ಮಾತು. ಮೇನಲ್ಲಿ ಹೆಪ್ಪುಗಟ್ಟುವ ಮಟ್ಟ ಸಮುದ್ರಮಟ್ಟದಿಂದ ಸುಮಾರು ಐದು ಕಿ.ಮೀ., ಬೆಂಗಳೂರಿನ ನೆಲದಿಂದ ನಾಲ್ಕು. ಕರಾವಳಿಯವರಿಗಿಂತ ನಮಗೆ ಆಲಿಕಲ್ಲು ಹತ್ತಿರ, ಕರಗಲು ಒಂದು ಕಿಲೋಮೀಟರ್ ದಾರಿ ಕಡಿಮೆ. ಗಾಳಿ ಅರೆ ಒಣಗಿರುವ ಮಾರ್ಚ್–ಏಪ್ರಿಲ್‌ನಲ್ಲಿ ಆವಿಯಾಗುವ ನೀರು ಸುತ್ತಲಿನ ಗಾಳಿಯನ್ನು ತಣಿಸುವುದರಿಂದ ಕಲ್ಲು ಕರಗದೆ ಕೆಳಗೆ ಮುಟ್ಟುವುದು ಇನ್ನೂ ಸುಲಭ. ಶ್ರೀನಿವಾಸಪುರ, ರಾಮನಗರದ ಮಾವಿನ ತೋಟದವರು ಮೊದಲ ಮಳೆಗೆ ಖುಷಿಯ ಜತೆ ಹೆದರುವುದೂ ಇದಕ್ಕೇ.

ಇಡೀ ಬೇಸಿಗೆಯ ಮುನ್ನೋಟ ಎಷ್ಟು ನಂಬಬೇಕು

ಹವಾಮಾನ ಇಲಾಖೆ ಫೆಬ್ರವರಿ ಕೊನೆಗೆ ಒಮ್ಮೆ, ಮಾರ್ಚ್ ಕೊನೆಗೆ ಒಮ್ಮೆ ಬೇಸಿಗೆಯ ಮುನ್ನೋಟ ಕೊಡುತ್ತದೆ. ಅದು ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ಕಡಿಮೆ ಎಂಬ ಮೂರು ಪಾಲುಗಳ ಸಾಧ್ಯತೆ ಮಾತ್ರ. ಉಷ್ಣತೆಯ ಮಟ್ಟಿಗೆ ಅದನ್ನು ತಕ್ಕಮಟ್ಟಿಗೆ ನಂಬುತ್ತೇನೆ, ಬೆಂಗಳೂರಿನ ಮಳೆಯ ಮಟ್ಟಿಗೆ ಅಷ್ಟಾಗಿ ಇಲ್ಲ. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬೆಚ್ಚಗಾಗುವುದು) ಇಳಿಯುತ್ತಿರುವ ಬೇಸಿಗೆಗೆ ಮಾತ್ರ ಎಚ್ಚರ ಜಾಸ್ತಿ ಇರಲಿ. ನಗರದ ದಾಖಲೆಯ 39.2 ಡಿಗ್ರಿ ಬಂದದ್ದು 2016ರ ಏಪ್ರಿಲ್ 25ಕ್ಕೆ, 38.5 ಬಂದದ್ದು 2024ರ ಏಪ್ರಿಲ್‌ನಲ್ಲಿ. ಎರಡೂ ಎಲ್ ನಿನೊದ ಬಾಲದಲ್ಲಿ ಬಂದ ಬೇಸಿಗೆಗಳು. ಎರಡು ಉದಾಹರಣೆ ನಿಯಮ ಆಗುವುದಿಲ್ಲ, ನೀರಿನ ಟ್ಯಾಂಕರ್ ಲೆಕ್ಕ ಹಾಕಿಕೊಳ್ಳಲು ಸಾಕು. ಅಂದಹಾಗೆ ಬಯಲಿನಲ್ಲಿ ಬಿಸಿಗಾಳಿ ಘೋಷಿಸಲು ಕನಿಷ್ಠ 40 ಡಿಗ್ರಿ ಮುಟ್ಟಬೇಕು. ನಗರ ವೀಕ್ಷಣಾಲಯ ಅದನ್ನು ಯಾವತ್ತೂ ಮುಟ್ಟಿಲ್ಲ, ಹಾಗಾಗಿ 38ರಲ್ಲಿ ಬೇಯುತ್ತಿದ್ದರೂ ಆ ಹೆಸರು ನಮಗೆ ಸಿಗುವುದಿಲ್ಲ.

ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ಬರುವುದು ಏಪ್ರಿಲ್ 24–25ಕ್ಕೆ, ಶೂನ್ಯ ನೆರಳಿನ ದಿನ. ಅಲ್ಲಿಂದ ಮುಂದೆ ತೇವ ಏರುತ್ತಾ ಹೋಗುವುದರಿಂದ ಮೇ ತಿಂಗಳು ಏಪ್ರಿಲ್‌ಗಿಂತ ತಂಪು. ಪಂಚಾಂಗದ ಲೆಕ್ಕದಲ್ಲೂ ಇದೇ ಹೊತ್ತಿಗೆ ಅಶ್ವಿನಿ ಮುಗಿದು ಭರಣಿ ಹುಟ್ಟುತ್ತದೆ, ಆಮೇಲೆ ಕೃತ್ತಿಕೆ, ಮೇ 25ರ ಸುಮಾರಿಗೆ ರೋಹಿಣಿ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅಂದವರು ಮುನ್ಸೂಚನೆ ಕೊಡುತ್ತಿರಲಿಲ್ಲ, ಯಾವ ಹದಿನಾಲ್ಕು ದಿನದ ಮಳೆ ಯಾವ ಬೆಳೆಗೆ ಬೇಕು ಅಂತ ಹೇಳುತ್ತಿದ್ದರು. ನಡುವಿನ ದೂರಕ್ಕೆ ಪ್ರತಿ ಗುರುವಾರ ಬರುವ ಇಲಾಖೆಯ ನಾಲ್ಕು ವಾರಗಳ ಮುನ್ನೋಟ ನೋಡಿ. ಅದರ ಮೊದಲ ಎರಡು ವಾರ ಮಾವು ಕೊಯ್ಲಿಗೆ, ರಾಗಿ ಹೊಲದ ಉಳುಮೆಗೆ, ಮದುವೆ ಶಾಮಿಯಾನಕ್ಕೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಗುಡುಗಿದ ಮೇಲೆ

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರ್. ಮೂವತ್ತು ಸೆಕೆಂಡ್ ಒಳಗಿದ್ದರೆ ಹತ್ತು ಕಿ.ಮೀ. ಒಳಗೆ, ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಮಳೆ ನಿಂತ ತಕ್ಷಣ ಮೈದಾನಕ್ಕೆ ಇಳಿಯುವುದೇ ಅಪಾಯದ ಹೊತ್ತು. ಮರದ ಕೆಳಗೆ, ಟಾರ್ಪಾಲಿನ ಶೆಡ್ಡಿನಲ್ಲಿ, ಮಹಡಿಯ ನೀರಿನ ಟ್ಯಾಂಕ್ ಪಕ್ಕ ನಿಲ್ಲಬೇಡಿ. ಗಾಜು ಏರಿಸಿದ ಕಾರು ಸುರಕ್ಷಿತ, ಬೈಕು ಅಲ್ಲ. ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ, ಆದರೆ ಚಾರ್ಜಿಗೆ ಹಾಕಿದ ಮೊಬೈಲಿನಲ್ಲಿ ಮಾತಾಡುವುದು ಬೇಡ. ರೂಟರ್, ಟಿ.ವಿ. ಪ್ಲಗ್ ಕಿತ್ತಿಡುವುದು ಮೋಡ ಕಟ್ಟಿದಾಗಲೇ, ಮಿಂಚು ಶುರುವಾದ ಮೇಲಲ್ಲ.

ಬೆಂಗಳೂರಿನ ಬೇಸಿಗೆ ಮಳೆಯಲ್ಲಿ ನೀರಿಗಿಂತ ಮೊದಲು ಬರುವುದು ಗಾಳಿ. ಮೋಡದಿಂದ ಧುಮುಕುವ ತಣ್ಣನೆ ಗಾಳಿ ಮಳೆಗೆ ಐದು ಹತ್ತು ನಿಮಿಷ ಮೊದಲೇ ಹೊಡೆಯುತ್ತದೆ, ಗುಲ್‌ಮೊಹರ್ ಕೊಂಬೆಗಳು ಉರುಳುವುದು ಆ ಹೊತ್ತಿಗೆ. ಸಂಜೆ ಮೋಡ ಕಟ್ಟಿದ ದಿನ ಗಾಡಿಯನ್ನು ಹಳೇ ಮರದಡಿ ನಿಲ್ಲಿಸಬೇಡಿ. ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ ಬೆಸ್ಕಾಂ 1912ಕ್ಕೆ ಕರೆ ಮಾಡಿ. ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ, ಮುಂದಿನ ಗಾಡಿ ಹೋಯಿತು ಅಂತ ನೀವೂ ಇಳಿಸಬೇಡಿ. ಒಂದಡಿ ನೀರು ಸಣ್ಣ ಕಾರಿನ ಹಿಡಿತ ತಪ್ಪಿಸಲು ಸಾಕು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮುಳುಗಿದ ಕಾರಿನಲ್ಲಿ ಒಂದು ಜೀವ ಹೋಯಿತು. ಅದು ಹಾಡಹಗಲು, ನಗರದ ನಟ್ಟನಡುವೆ.

ಕೊನೆಗೆ, ನಿಮ್ಮ ಮಳೆಯನ್ನು ನೀವೇ ಅಳೆಯುವುದಕ್ಕೆ ಇಪ್ಪತ್ತು ನಿಮಿಷದ ಕೆಲಸ. ಬಾಯಿ 16 ಸೆಂ.ಮೀ. ಅಗಲದ ಒಂದು ಆಲಿಕೆ, ಕೆಳಗೆ ಎರಡು ಲೀಟರ್ ಹಿಡಿಯುವ ಬಾಟಲಿ, ಅಲ್ಲಾಡದಂತೆ ಒಂದು ಬಕೆಟಿನಲ್ಲಿ ಮರಳು. ಆಲಿಕೆಯ ಬಾಯಿಯ ವಿಸ್ತೀರ್ಣ 201 ಚದರ ಸೆಂ.ಮೀ., ಹಾಗಾಗಿ 20 ಮಿ.ಲೀ. ನೀರು ಅಂದರೆ ಒಂದು ಮಿ.ಮೀ. ಮಳೆ. ಅಳೆಯಲು ಔಷಧದ ಅಳತೆ ಲೋಟ ಸಾಕು. ಮಹಡಿಯ ಗೋಡೆಗೆ ಒತ್ತಿ ಇಡಬೇಡಿ. ಗಾಳಿಮಳೆ ಓರೆಯಾಗಿ ಬೀಳುವುದರಿಂದ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇರಲಿ. ಓದುವುದು ಬೆಳಗ್ಗೆ 8:30ಕ್ಕೆ, ಇಲ್ಲದಿದ್ದರೆ ಇಲಾಖೆಯ ಅಂಕಿಯ ಜತೆ ಹೋಲಿಸಲಾಗದು. ಮೂವತ್ತು ನಲವತ್ತರ ಸೈಟು ಸುಮಾರು 111 ಚದರ ಮೀಟರ್. ನಿಮ್ಮ ಬಾಟಲಿಯಲ್ಲಿ ಒಂದು ಲೀಟರ್ ಸಿಕ್ಕ ದಿನ, ಅಂದರೆ 50 ಮಿ.ಮೀ. ಬಿದ್ದ ದಿನ, ಆ ಸೈಟಿನ ಮೇಲೆ ಬಿದ್ದ ನೀರು ಐದೂವರೆ ಸಾವಿರ ಲೀಟರ್.